16ಕ್ಕೇ ವೋಟ್ ಕೊಟ್ಟರೆ ನಮ್ಮ ಮಾತು ನಡೆಯುತ್ತಾ?

ಪ್ರಶ್ನೆ: ಸರ್, ನನಗೆ 17. ಕೆಲವು ದೇಶಗಳಲ್ಲಿ 16ಕ್ಕೇ ವೋಟ್ ಹಾಕುತ್ತಾರಂತೆ. ವಯಸ್ಸು ಇಳಿಸಿದರೆ ರಾಜಕಾರಣಿಗಳು ನಮ್ಮ ಮಾತು ಕೇಳುತ್ತಾರಾ, ಇಲ್ಲಾ ಇದೆಲ್ಲ ಸುಮ್ನೆ ತೋರಿಕೆನಾ?

ಉತ್ತರ (ರಾಜ್ಯಶಾಸ್ತ್ರ ಉಪನ್ಯಾಸಕ): ಮೊದಲು ಲೆಕ್ಕ ಹಾಕೋಣ. 18ರಿಂದ 78ರವರೆಗೆ, ಅಂದರೆ 60 ವರ್ಷಗಳ ಅಂತರದಲ್ಲಿರುವವರು ಮತದಾರರು, ಎಲ್ಲ ವಯಸ್ಸಿನವರೂ ಸಮ ಸಂಖ್ಯೆಯಲ್ಲಿದ್ದಾರೆ ಅಂದುಕೊಳ್ಳಿ. 16, 17ರವರನ್ನೂ ಸೇರಿಸಿದರೆ ಹೆಚ್ಚುವುದು ನೂರಕ್ಕೆ ಸುಮಾರು ಮೂರು. ಇಷ್ಟಕ್ಕೆ ಯಾವ ಪಕ್ಷವೂ ನಡುಗುವುದಿಲ್ಲ. ಕೆಲವೇ ಮತಗಳಲ್ಲಿ ಗೆಲ್ಲುವ, ಸೋಲುವ ಕ್ಷೇತ್ರದಲ್ಲಿ ಮಾತ್ರ ಅಭ್ಯರ್ಥಿ ನಿಮ್ಮ ಕಡೆ ತಿರುಗಿ ನೋಡಬಹುದು.

ನನಗೆ ಮುಖ್ಯ ಅನ್ನಿಸುವುದು ಮೊದಲ ವೋಟು ಯಾವಾಗ ಬೀಳುತ್ತದೆ ಎಂಬುದು. ಐದು ವರ್ಷಕ್ಕೊಮ್ಮೆ ಚುನಾವಣೆ ಇದ್ದರೆ, ಮತದಾನದ ಮರುದಿನ 18 ತುಂಬಿದವರು ಮೊದಲ ವೋಟ್ ಹಾಕುವಾಗ 23ರ ಹತ್ತಿರ ಇರುತ್ತಾರೆ. ಅಷ್ಟರಲ್ಲಿ ಓದು, ಕೆಲಸ ಅಂತ ಮನೆ ಬಿಟ್ಟಿರುತ್ತಾರೆ. ಪಟ್ಟಿಯಲ್ಲಿ ಹೆಸರು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಒಮ್ಮೆ ಮತದಾನದ ಮರುದಿನ ತರಗತಿಯಲ್ಲಿ ಕೈ ಎತ್ತಿಸಿದ್ದೆ. ವೋಟ್ ಹಾಕದವರಲ್ಲಿ ಹೆಚ್ಚಿನವರು ಹೇಳಿದ್ದು ರಾಜಕೀಯದ ಬೇಸರವನ್ನಲ್ಲ, ಊರಿನ ದೂರವನ್ನು.

16ರಲ್ಲಿ ಮಕ್ಕಳು ಇನ್ನೂ ಮನೆಯಲ್ಲೇ ಇರುತ್ತಾರೆ. ಅಪ್ಪ ಅಮ್ಮನ ಜೊತೆ ನಡೆದು ಹೋಗಿ ಬರಬಹುದು. ಆಸ್ಟ್ರಿಯಾ 2007ರಲ್ಲಿ ವಯಸ್ಸನ್ನು 16ಕ್ಕೆ ಇಳಿಸಿತು. ಅಲ್ಲಿನ ಅಧ್ಯಯನಗಳಲ್ಲಿ 18ರಿಂದ 20ರವರಿಗಿಂತ 16, 17ರವರೇ ಜಾಸ್ತಿ ಮತಗಟ್ಟೆಗೆ ಬಂದದ್ದು ಕಂಡಿದೆ. ಮೊದಲ ಸಲ ಹಾಕಿದವರು ಮುಂದೆಯೂ ಹಾಕುತ್ತಾರೆ. ಆ ರೂಢಿಯೇ ನಿಜವಾದ ಬಲ.

ಒಬ್ಬ ತಾಯಿ: ಅಪ್ಪ ಹೇಳಿದವರಿಗೇ ಒತ್ತಿ ಬರುತ್ತಾರೆ ಅಲ್ವಾ ಸರ್? ಒಂದು ವೋಟು ಎರಡಾದಂತೆ.

ಉತ್ತರ: ಆ ಭಯ ಎಲ್ಲ ಕಡೆ ಇದೆ ಮೇಡಂ. ಬ್ರಿಟನ್‌ನಿಂದ ಬೇರೆಯಾಗಬೇಕೇ ಎಂದು ಸ್ಕಾಟ್ಲೆಂಡ್‌ನಲ್ಲಿ 2014ರಲ್ಲಿ ನಡೆದ ಜನಮತಗಣನೆಯಲ್ಲಿ 16, 17ರವರಿಗೂ ಹಕ್ಕಿತ್ತು. ಮುಂಚೆ ಕೇಳಿ ನೋಡಿದಾಗ ಎಷ್ಟೋ ಮಕ್ಕಳ ಒಲವು ಹೆತ್ತವರದ್ದಕ್ಕಿಂತ ಬೇರೆಯೇ ಇತ್ತು. ಊಟಕ್ಕೆ ಕೂತಾಗ ಜಗಳವೂ ಆಗಿರಬಹುದು, ಅದು ಒಳ್ಳೆಯದೇ!

ಪ್ರಶ್ನೆ: ಹಾಗಾದರೆ ವಯಸ್ಸು ಇಳಿಸಿದರೆ ಸಾಕಾ ಸರ್?

ಉತ್ತರ: ಸಾಲದು. ಮಲೇಷ್ಯಾ 2019ರಲ್ಲಿ ಮಾಡಿದ್ದು ನನಗೆ ಇಷ್ಟ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ತಂದರು. ಜೊತೆಗೆ ಹೆಸರು ತಾನಾಗಿಯೇ ಪಟ್ಟಿಗೆ ಸೇರುವ ಹಾಗೆ ಮಾಡಿದರು, ಸ್ಪರ್ಧಿಸುವ ವಯಸ್ಸನ್ನೂ 18ಕ್ಕೆ ಇಳಿಸಿದರು. ಅರ್ಜಿ ಹಿಡಿದು ಅಲೆಯುವ ಕೆಲಸವೇ ಇಲ್ಲ.

ಪ್ರಶ್ನೆ: ಸದ್ಯಕ್ಕೆ ನಾನೇನು ಮಾಡಲಿ?

ಉತ್ತರ: 18 ತುಂಬಿದ ವಾರವೇ ಹೆಸರು ಸೇರಿಸಿ. ಓದಲು ಬೇರೆ ಕಡೆ ಹೋಗಿದ್ದರೆ ಹಳೆ ವಿಳಾಸ ಬೇಡ, ಆಗ ಎಲ್ಲಿ ಇರುತ್ತೀರೋ ಅದನ್ನೇ ಕೊಡಿ.