1600 ಮೀಟರ್ 6:02ಕ್ಕೆ ನಿಂತಿದೆ, ಪುಲ್ ಅಪ್ 7ರಿಂದ 5ಕ್ಕೆ ಇಳಿದಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಬ್ಯಾಡಗಿ_ಹುಡುಗ:
ಎಲ್ಲರಿಗೂ ನಮಸ್ಕಾರ. ವಯಸ್ಸು 19, ಎತ್ತರ 170, ತೂಕ 61 ಕೆಜಿ. ಸೇನೆಯ ಅಗ್ನಿವೀರ್ ಜನರಲ್ ಡ್ಯೂಟಿ ಭರ್ತಿಗೆ ತಯಾರಿ ಮಾಡುತ್ತಿದ್ದೇನೆ. ಆನ್‌ಲೈನ್ ಪರೀಕ್ಷೆ ಪಾಸಾಗಿದೆ, ಇನ್ನು ಮೈದಾನದ ದೈಹಿಕ ಪರೀಕ್ಷೆಯ ರ‍್ಯಾಲಿ. ಮೂರು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ 5ಕ್ಕೆ ಎದ್ದು ಮೋಟೆಬೆನ್ನೂರು ರಸ್ತೆಯಲ್ಲಿ ಮೊಬೈಲಿನಲ್ಲಿ ಟೈಮ್ ಇಟ್ಟು 1600 ಮೀಟರ್ ಜೀವ ಹೋಗುವ ಹಾಗೆ ಓಡುತ್ತೇನೆ. ಸಂಜೆ ಕೈ ಸೋಲುವವರೆಗೆ ಬೀಮ್ ಹಿಡಿದು ಪುಲ್ ಅಪ್, ಆಮೇಲೆ 100 ದಂಡ, 200 ಬೈಠಕ್. ಮೊದಲ ತಿಂಗಳು 6:40ರಿಂದ 6:05ಕ್ಕೆ ಬಂದೆ. ಅಲ್ಲಿಂದ 6:02, 6:04, 6:02, ಅಷ್ಟೇ. ಪುಲ್ ಅಪ್ 7 ಹೊಡೆಯುತ್ತಿದ್ದವನು ಈಗ 5ಕ್ಕೆ ಜೋತಾಡುತ್ತೇನೆ. ಮೊಣಕಾಲ ಕೆಳಗಿನ ಎಲುಬೂ ನೋಯುತ್ತಿದೆ. ಓಟ ಜಾಸ್ತಿ ಮಾಡಲಾ, ಬೀಮ್ ಜಾಸ್ತಿ ಮಾಡಲಾ?

ಗದಗ_ಗರಡಿ:
ತಮ್ಮಾ, ಮೊದಲು ಆ 200 ಬೈಠಕ್ ಇಳಿಸು. ಗರಡಿಯಲ್ಲಿ ಕುಸ್ತಿಗೆ ಅದು ಬೇಕು, ಆದರೆ ರಾತ್ರಿ ತೊಡೆ ಸುಸ್ತು ಮಾಡಿಕೊಂಡು ಬೆಳಿಗ್ಗೆ ಟೈಮ್ ಇಟ್ಟು ಓಡಿದರೆ ಕಾಲು ಎಲ್ಲಿಂದ ಏಳಬೇಕು? ಹಾಗಂತ ಪೂರ್ತಿ ಬಿಡಬೇಡ. 9 ಅಡಿ ಗುಂಡಿ ದಾಟಬೇಕಲ್ವಾ, ಅದಕ್ಕೆ ಅಂಕ ಇಲ್ಲ, ಆದರೆ ದಾಟದಿದ್ದರೆ ಅಲ್ಲಿಗೆ ಮುಗಿಯಿತು. ವಾರಕ್ಕೆ ಎರಡು ಸಲ 30 ಬೈಠಕ್, ಜೊತೆಗೆ ಎಂಟತ್ತು ಉದ್ದ ಜಿಗಿತ ಸಾಕು.

ಧಾರವಾಡ_ಮಾಜಿ_ಸೈನಿಕ:
ನಾನು ತರಬೇತಿ ಮುಗಿಸಿದ್ದು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್‌ನಲ್ಲಿ. ಈಗ ಬೆಳಿಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಓಡಲು ಬರುವ ಹುಡುಗರಿಗೆ ತಿಳಿದಷ್ಟು ಹೇಳಿಕೊಡುತ್ತೇನೆ. ಉತ್ತರ ಕೊಡುವ ಮೊದಲು ಎರಡು ಪ್ರಶ್ನೆ. ಬೆಳಿಗ್ಗೆ ಓಡಿದ ಮೇಲೆ ಸಂಜೆಯವರೆಗೆ ಏನು ಕೆಲಸ ಮಾಡುತ್ತೀಯ? ಓಡಿ ಬಂದು ಎಷ್ಟು ಹೊತ್ತಿಗೆ ಊಟ?

ಬ್ಯಾಡಗಿ_ಹುಡುಗ:
ಅಣ್ಣಾ, ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಮಾವನ ಜೊತೆ ಕೆಲಸ. ಈಗ ಸೀಸನ್. ಸೋಮವಾರ, ಗುರುವಾರ ವ್ಯಾಪಾರದ ದಿನ, ಸಂಜೆವರೆಗೆ ಚೀಲ ಎತ್ತಿ ಇಳಿಸುವುದೇ. ಬೆಳಿಗ್ಗೆ ಚಹಾ ಕುಡಿದು ಹೋಗುತ್ತೇನೆ, ರೊಟ್ಟಿ ತಿನ್ನುವಾಗ 11 ಆಗುತ್ತದೆ.

ಧಾರವಾಡ_ಮಾಜಿ_ಸೈನಿಕ:
ಇಲ್ಲಿದೆ ನೋಡು ತಮ್ಮಾ ನಿನ್ನ ಉತ್ತರ. ದಿನಾ ಚೀಲ ಎತ್ತದಿದ್ದರೂ ವಾರಕ್ಕೆ ಎರಡು ದಿನ ನಿನ್ನ ಬೆನ್ನು, ಮುಂಗೈ, ಹಿಡಿತ ಎಲ್ಲಾ ಪೂರ್ತಿ ದಣಿಯುತ್ತದೆ, ಅವತ್ತೇ ಸಂಜೆ ಮತ್ತೆ ಬೀಮ್ ಹಿಡಿದು ಕೈ ಸೋಲುವವರೆಗೆ ಎಳೆದರೆ ಸಂಖ್ಯೆ ಇಳಿಯದೆ ಏನಾಗಬೇಕು? ನೀನು ಆ ಕೆಲಸವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಓಟದಲ್ಲೂ ಹಾಗೇ. ದಿನಾ ಪರೀಕ್ಷೆ ಬರೆಯುತ್ತಿದ್ದೀಯ, ಓದುತ್ತಿಲ್ಲ. ಮೈ ಗಟ್ಟಿಯಾಗುವುದು ಓಡುವಾಗ ಅಲ್ಲ, ಓಡಿದ ಮೇಲೆ ಸಿಗುವ ವಿಶ್ರಾಂತಿಯಲ್ಲಿ.

ಲೆಕ್ಕ ಹೇಳುತ್ತೇನೆ. 5:30ರೊಳಗೆ ಬಂದರೆ 60 ಅಂಕ, 5:45ರೊಳಗೆ 48. 5:30 ಅಂದರೆ ಪ್ರತಿ 400 ಮೀಟರ್ 82 ಸೆಕೆಂಡಿನ ಆಸುಪಾಸು. ನೀನೀಗ 90ರ ಆಸುಪಾಸು ಓಡುತ್ತೀಯ. ಆ 8 ಸೆಕೆಂಡ್ ದಿನಾ 1600 ಓಡಿ ಬರುವುದಿಲ್ಲ, ತುಂಡು ಮಾಡಿ ಓಡಬೇಕು. ಬುಧವಾರ 400 ಮೀಟರ್ ಐದು ಸಲ, ಒಂದೊಂದು 87 ಸೆಕೆಂಡಿಗೆ, ನಡುವೆ 2 ನಿಮಿಷ ನಡಿಗೆ. ಸುಲಭ ಅನ್ನಿಸಿದ ಮೇಲೆ ಆರು ಸಲ, ಆಮೇಲೆ 85 ಸೆಕೆಂಡ್. ಶನಿವಾರ 800 ಮೀಟರ್ ಮೂರು ಸಲ, 2:55ಕ್ಕೆ, ನಡುವೆ 4 ನಿಮಿಷ ಬಿಡುವು. ಮಂಗಳವಾರ, ಶುಕ್ರವಾರ, ಭಾನುವಾರ 4-5 ಕಿಲೋಮೀಟರ್ ನಿಧಾನ ಓಟ, ಪಕ್ಕದವನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ. ಹುಡುಗರು ಇದನ್ನೇ ನಂಬುವುದಿಲ್ಲ, ನಿಧಾನ ಓಡಿದರೆ ವೇಗ ಹೇಗೆ ಬರುತ್ತೆ ಅಂತ ಕೇಳುತ್ತಾರೆ. ಐದೂವರೆ ನಿಮಿಷದ ಓಟದ ಬಹುಪಾಲು ಉಸಿರಿನ ಮೇಲೇ ನಡೆಯುತ್ತದೆ, ಆ ಉಸಿರು ಕಟ್ಟಿಕೊಡುವುದು ಈ ನಿಧಾನ ಓಟವೇ. ಸೋಮವಾರ, ಗುರುವಾರ ಓಟವೂ ಬೇಡ, ಬೀಮೂ ಬೇಡ. ಚೀಲವೇ ಆ ದಿನದ ಕಸರತ್ತು.

ಬೀಮ್ ಬುಧವಾರ ಮತ್ತು ಶನಿವಾರ ಸಂಜೆ. 5 ಆಗುತ್ತದೆ ಅಂದರೆ 3 ಮಾತ್ರ ಎಳೆ, 2 ನಿಮಿಷ ಕೂತು ಮತ್ತೆ 3, ಹೀಗೆ ಏಳು ಸಲ. ಒಂದೂ ಸೋಲಬಾರದು. ಕೊನೆಗೆ ಜಿಗಿದು ಗದ್ದ ಮೇಲೆ ತಂದು 5 ಸೆಕೆಂಡ್ ಎಣಿಸುತ್ತಾ ನಿಧಾನ ಇಳಿ, ಇದು ನಾಲ್ಕು ಸಲ. ಜೋಲಿ ಹೊಡೆಯುವ ಅಭ್ಯಾಸ ಈಗಲೇ ಬಿಡು. 10 ಹೊಡೆದರೆ 40 ಅಂಕ, 6ಕ್ಕೆ ಬರೀ 16. ಒಂದೊಂದು ಪುಲ್ ಅಪ್ಪೂ ದುಬಾರಿ.

ಓಡಿ ಬಂದ ಅರ್ಧ ಗಂಟೆಯಲ್ಲಿ ಏನಾದರೂ ತಿನ್ನು. ರಾತ್ರಿಯ ಜೋಳದ ರೊಟ್ಟಿ, ಮೊಳಕೆ ಮಡಕಿ ಕಾಳು, ಎರಡು ಮೊಟ್ಟೆ, ಇಲ್ಲ ಶೇಂಗಾ ಉಂಡೆ. ಬರೀ ಚಹಾ ಕುಡಿದು ಚೀಲ ಎತ್ತಬೇಡ.

ಹುಬ್ಬಳ್ಳಿ_ಫಿಸಿಯೊ:
ಎಲುಬಿನ ನೋವಿನ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಬೆರಳಿನಿಂದ ಒತ್ತಿ ನೋಡು. ಒಳಬದಿಯಲ್ಲಿ ಉದ್ದಕ್ಕೂ ನೋವಿದ್ದರೆ ಎರಡು ವಾರ ಓಟ ಅರ್ಧ ಮಾಡು, ಡಾಂಬರು ಬಿಟ್ಟು ಮಣ್ಣಿನ ಮೈದಾನದಲ್ಲಿ ಓಡು, ಶೂ ಸವೆದಿದ್ದರೆ ಬದಲಿಸು. ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವು, ನಡೆದರೂ ನೋವು ಅಂದರೆ ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸು. ಎಲುಬಲ್ಲಿ ಸಣ್ಣ ಬಿರುಕು ಇದ್ದರೆ ಮೊದಮೊದಲು ಎಕ್ಸ್‌ರೇಯಲ್ಲೂ ಕಾಣದೇ ಇರಬಹುದು. ಎಕ್ಸ್‌ರೇ ಸರಿ ಇದೆ ಅಂತ ಸುಮ್ನೆ ಓಡಬೇಡ.

ಬ್ಯಾಡಗಿ_ಹುಡುಗ:
ಉದ್ದಕ್ಕೂ ಇದೆ ಅಕ್ಕಾ, ಒಂದೇ ಜಾಗದಲ್ಲಿ ಇಲ್ಲ. ನಾಳೆಯಿಂದ ಕಾಲೇಜು ಮೈದಾನಕ್ಕೆ ಹೋಗುತ್ತೇನೆ.

ಬ್ಯಾಡಗಿ_ಹುಡುಗ, ಎಂಟು ವಾರದ ನಂತರ:
ಅಣ್ಣಾ, 5:43! ಪುಲ್ ಅಪ್ 8. ಮೊದಲ ಎರಡು ವಾರ ನಿಧಾನ ಓಡುವಾಗ ಏನೋ ಕಳೆದುಕೊಳ್ಳುತ್ತಿದ್ದೇನೆ ಅಂತ ಹೆದರಿಕೆ ಇತ್ತು, ನಿದ್ದೆ ಬರುತ್ತಿರಲಿಲ್ಲ. ಕಾಲು ನೋವು ಹೋಗಿದೆ. ಆದರೆ ಓಡಿದ ತಕ್ಷಣ ಬೀಮ್ ಹಿಡಿದರೆ 6 ಮಾತ್ರ ಆಗುತ್ತಿದೆ.

ಧಾರವಾಡ_ಮಾಜಿ_ಸೈನಿಕ:
ಶಾಬಾಸ್ ತಮ್ಮಾ, ಬಹಳ ಖುಷಿಯಾಯಿತು. ರ‍್ಯಾಲಿಯಲ್ಲಿ ಓಟ ಮೊದಲು, ಬೀಮ್ ಆಮೇಲೆ, ಅದಕ್ಕೂ ಮೈ ಒಗ್ಗಬೇಕು. ಇನ್ನು ಮೇಲೆ ಹತ್ತು ದಿನಕ್ಕೆ ಒಂದು ಸಲ ಮಾತ್ರ ಅದೇ ಕ್ರಮದಲ್ಲಿ ಮಾಡು: ಪೂರ್ತಿ 1600, ಸ್ವಲ್ಪ ನಡೆದು ಉಸಿರು ಹಿಡಿದು ಬೀಮ್, ಆಮೇಲೆ ಗುಂಡಿ, ಅಂಕುಡೊಂಕು ಪಟ್ಟಿಯ ಮೇಲೆ ಬೀಳದೆ ನಡೆಯುವ ಜಿಗ್‌ಜಾಗ್. ಉಳಿದ ದಿನ ಹಳೆಯ ಹಾಗೇ. ರ‍್ಯಾಲಿಗೆ ಐದು ದಿನ ಇರುವಾಗ ಜೋರಿನ ಓಟ ನಿಲ್ಲಿಸು. ಆ ವಾರ ಚೀಲ ಮುಟ್ಟಬಾರದು, ಮಾವನಿಗೆ ಈಗಲೇ ಹೇಳಿ ಇಡು.

ಬ್ಯಾಡಗಿ_ಹುಡುಗ:
ಹೇಳಿದೆ ಅಣ್ಣಾ. ಆ ವಾರಕ್ಕೆ ಬೇರೆ ಹುಡುಗನನ್ನು ಕರೆಯುತ್ತಾರಂತೆ.