ಹಳೇ ಕಂಪ್ಯೂಟರ್ ಪ್ರದರ್ಶನ ಇಡಬೇಕಾಗೇತಿ, ತಿಳಿದವರು ಹೇಳ್ರಿ

ಟಿಳಕವಾಡಿ, ಬೆಳಗಾವಿ:
ನವೆಂಬರ್ ಕೊನೇ ಶನಿವಾರ-ರವಿವಾರ ಕಾಲೇಜ್ ಹಾಲ್‌ನ್ಯಾಗ ಹಳೇ ಕಂಪ್ಯೂಟರ್ ಪ್ರದರ್ಶನ ಇಡಬೇಕಂತ ಗೆಳ್ಯಾರೆಲ್ಲ ಸೇರಿ ಠರಾಯಿಸೇವಿ. ಸ್ಪೆಕ್ಟ್ರಮ್, ಬಿಬಿಸಿ ಮೈಕ್ರೊ (ಟಿವಿಗೆ ಹಚ್ಚೂ ಮನಿ-ಶಾಲಿ ಕಂಪ್ಯೂಟರ್), ಪಿಸಿ ಎಕ್ಸ್‌ಟಿ, 386, 486 (ಐಬಿಎಂ ಮಾದರಿ ಪಿಸಿ) ಎಲ್ಲಾ ಕೂಡಿ ಇಪ್ಪತ್ತು ಟೇಬಲ್ ಆಗತಾವು. ಭಾಳಷ್ಟು ವರ್ಷಗಟ್ಟಲೆ ಚಾಲೂ ಆಗಿಲ್ಲ. ಕಾಜಿನ ಪೆಟ್ಟಿಗ್ಯಾಗ ಇಡೂದು ಬ್ಯಾಡ, ಬಂದ ಹುಡುಗೂರು ತಾವೇ ಕೀ ಒತ್ತಬೇಕು. ಕರೆಂಟ್ ಎಷ್ಟು ಬೇಕು, ಮದ್ಲ ಏನು ತಪಾಸ ಮಾಡಬೇಕು, ಟಿವಿಗೆ ಹೆಂಗ ಜೋಡಸೂದು?

ಉದ್ಯಮಬಾಗ, ಬೆಳಗಾವಿ:
ಮದ್ಲ ಕರೆಂಟಿನ ಲೆಕ್ಕಾ ಮಾಡ್ರಿ. 14-15 ಇಂಚಿನ ಪಿಕ್ಚರ್ ಟ್ಯೂಬ್ ಮಾನಿಟರ್‌ಗೆ ಸುಮಾರು 100 ವ್ಯಾಟ್, ಸಿಪಿಯುಗೆ ಇನ್ನೊಂದು 100 ಹಿಡೀರಿ. ಇಪ್ಪತ್ತು ಟೇಬಲ್‌ಗೆ 4,000 ವ್ಯಾಟ್, ಅಂದ್ರ 230 ವೋಲ್ಟ್‌ಗೆ 17-18 ಆಂಪಿಯರ್. 6 ಆಂಪಿಯರ್‌ನ ಒಂದು ಎಂಸಿಬಿ (ಲೋಡ್ ಹೆಚ್ಚಾದ್ರ ತಾನೇ ಬೀಳೂ ಸ್ವಿಚ್) ಮ್ಯಾಲೆ ಐದು ಟೇಬಲ್ ಸಾಕು, ಹಂಗಾಗಿ ನಾಲ್ಕು ಬ್ಯಾರೆ ಲೈನ್ ಬೇಕು. ಹಾಲ್‌ನ ಫ್ಯಾನು, ಮೈಕು ಆ ಲೈನಿಗೆ ಬರಬಾರದು. ಶಾಮಿಯಾನಾದವರ ಎಕ್ಸ್‌ಟೆನ್ಶನ್ ಬೋರ್ಡ್ ನೆಚ್ಚಬ್ಯಾಡ್ರಿ, ವಾಯರ್ ತೆಳ್ಳಗಿದ್ರ ಕಾಯತೈತಿ. 1.5 ಚದರ ಮಿಲಿಮೀಟರ್‌ನ ಮೂರು ಕೋರ್ ವಾಯರ್ ಹಾಕಿ ನೀವೇ ಕಟ್ಟಿಸ್ರಿ.

ಅರ್ಥಿಂಗ್ ಮೀಟರ್ ಹಿಡಿದು ನೋಡ್ರಿ. ಫೇಸ್-ಅರ್ಥ್ ನಡುವ 230ರ ಆಸುಪಾಸು ಬರಬೇಕು, ನ್ಯೂಟ್ರಲ್-ಅರ್ಥ್ ನಡುವ ಒಂದೆರಡು ವೋಲ್ಟ್. ಅರ್ಥ್ ಇಲ್ಲಂದ್ರ ಪವರ್ ಸಪ್ಲೈ ಫಿಲ್ಟರ್‌ನಿಂದ ತಗಡಿನ ಕ್ಯಾಬಿನೆಟ್ ಜುಮ್ ಅಂತೈತಿ. ಹುಡುಗೂರು ಮುಟ್ಟೂ ಜಾಗಾದಾಗ ಅದು ನಡ್ಯಾಂಗಿಲ್ಲ. ಮಾನಿಟರ್ ಎಲ್ಲಾ ಒಮ್ಮಿಗೇ ಹಚ್ಚಬ್ಯಾಡ್ರಿ. ಹಚ್ಚಿದ ಕ್ಷಣಕ್ಕ ಡಿಗಾಸ್ ಕಾಯಿಲ್ (ಟ್ಯೂಬಿನ ಕಾಂತತ್ವ ತೆಗಿಯೂ ಸುರುಳಿ) ಭಾಳ ಕರೆಂಟ್ ಎಳೀತೈತಿ, ಎಂಸಿಬಿ ಬೀಳತೈತಿ. ಲೈಟ್ ಹೋದ್ರ ಎಲ್ಲಾ ಸ್ವಿಚ್ ಬಂದ್ ಮಾಡ್ರಿ, ಬಂದು ಐದು ನಿಮಿಷ ನಿಂತ ಮ್ಯಾಲೆ ಒಂದೊಂದ ಹಚ್ರಿ.

ಶಹಾಪುರ, ಬೆಳಗಾವಿ:
ಪ್ರದರ್ಶನದ ದಿನ ಯಾವ ಯಂತ್ರವೂ ಮೊದಲ ಸಲ ಚಾಲೂ ಆಗಬಾರದು. ಕನಿಷ್ಠ ಮೂರು ವಾರ ಮೊದಲೇ ಎಲ್ಲವನ್ನೂ ಬಿಚ್ಚಿ ನೋಡಿ. ನಮ್ಮ ಮಳೆಗಾಲ ಕಳೆದ ಯಂತ್ರಗಳಲ್ಲಿ ತೇವ ಇದ್ದೇ ಇರುತ್ತದೆ.

ಬಿಬಿಸಿ ಮೈಕ್ರೊದ ಪವರ್ ಸಪ್ಲೈಯಲ್ಲಿ ಮೇನ್ಸ್ ಬರುವಲ್ಲಿ ಹಳದಿ ಬಣ್ಣದ ಪಾರದರ್ಶಕ ರೀಫಾ ಕಂಪನಿಯ ಕೆಪಾಸಿಟರ್ ಇರುತ್ತವೆ. ಒಳಗಿರುವುದು ಕಾಗದ. ಮೈಮೇಲೆ ಕೂದಲೆಳೆಯಂಥ ಬಿರುಕು ಬಿಟ್ಟು, ತೇವ ಹೀರಿ, ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ ಕಾರುತ್ತವೆ. ಯಂತ್ರ ಸಾಮಾನ್ಯವಾಗಿ ಉಳಿಯುತ್ತದೆ, ಆದರೆ ತುಂಬಿದ ಹಾಲ್‌ನಲ್ಲಿ ಹೊಗೆ ಎದ್ದರೆ ಜನ ಓಡುತ್ತಾರೆ. ಬಿರುಕು ಕಾಣಲಿ ಬಿಡಲಿ, ಅಷ್ಟೇ ಮೌಲ್ಯದ, ಮೇನ್ಸ್‌ಗೆಂದೇ ಇರುವ ಎಕ್ಸ್2 ದರ್ಜೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ.

386, 486 ಬೋರ್ಡಿನ ಮೇಲೆ ಪೀಪಾಯಿ ಆಕಾರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇದ್ದರೆ ಇವತ್ತೇ ಕತ್ತರಿಸಿ ತೆಗೆಯಿರಿ. ಸೋರಿದ ದ್ರವ ಕ್ಷಾರ, ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ಕಲೆ ಇದ್ದಲ್ಲಿ ಬಿಳಿ ವಿನೆಗರ್ ಹಚ್ಚಿ ಉಜ್ಜಿ, ನೀರಿನಿಂದ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಬ್ಯಾಟರಿ ಇಲ್ಲದ ಬೋರ್ಡ್ ಪ್ರತಿ ಸಲ ಸೆಟಪ್ ಕೇಳುತ್ತದೆ, ಹಾರ್ಡ್‌ಡಿಸ್ಕಿನ ಟೈಪ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಮೇಲೆ ಅಂಟಿಸಿ.

ಎಕ್ಸ್‌ಟಿ ಫ್ಯಾನ್ ತಿರುಗದೆ ನಿಂತರೆ ಪವರ್ ಸಪ್ಲೈಯನ್ನೇ ದೂರಬೇಡಿ. ಬೋರ್ಡಿನ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆದರೂ ಸಪ್ಲೈ ತನ್ನನ್ನು ಉಳಿಸಿಕೊಳ್ಳಲು ನಿಲ್ಲುತ್ತದೆ. 12 ವೋಲ್ಟ್ ಲೈನಿಗೂ ಗ್ರೌಂಡಿಗೂ ನಡುವೆ ಒಂದೆರಡು ಓಮ್ ಮಾತ್ರ ತೋರಿಸಿದರೆ ಅದೇ ಕಾರಣ. ಮತ್ತೆ ಜೋಡಿಸುವಾಗ ಬೋರ್ಡಿಗೆ ಕರೆಂಟ್ ಕೊಡುವ ಪಿ8, ಪಿ9 ಕನೆಕ್ಟರ್‌ಗಳ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಹೋಯಿತು.

ಟಿಳಕವಾಡಿ:
ಮದ್ಲ ಸಲ ಚಾಲೂ ಮಾಡೂವಾಗ ಕರೆಂಟ್ ಲೈನಿನ ನಡುವ ಸೀರೀಸ್ ಬಲ್ಬ್ ಹಾಕಿ ಹಚ್ಚಿದ್ರ ನಡೀತೈತೇನ್ರಿ?

ಶಹಾಪುರ:
ಟ್ರಾನ್ಸ್‌ಫಾರ್ಮರ್ ಸಪ್ಲೈಗೆ ಚೆನ್ನಾಗಿ ನಡೆಯುತ್ತದೆ. ಪಿಸಿಗಳಲ್ಲಿರುವ ಸ್ವಿಚಿಂಗ್ ಸಪ್ಲೈಗೆ 40 ವ್ಯಾಟ್‌ನ ಬಲ್ಬ್ ಹಾಕಿದರೆ ಅದು ಚಾಲೂ ಆಗಲು ಯತ್ನಿಸಿ ಬೀಳುತ್ತಿರುತ್ತದೆ, ಸರಿಯಿದ್ದರೂ ಕೆಟ್ಟಂತೆ ಕಾಣುತ್ತದೆ. 100 ವ್ಯಾಟ್ ಹಾಕಿ, ಶಾರ್ಟ್ ಇದೆಯೇ ಎಂದು ನೋಡಲು ಮಾತ್ರ. ಅಳೆಯುವಾಗ ಬೋರ್ಡ್ ಬಿಚ್ಚಿಟ್ಟು, ಕೆಂಪು 5 ವೋಲ್ಟ್ ತಂತಿಗೆ ಗಾಡಿಯ 12 ವೋಲ್ಟ್ 21 ವ್ಯಾಟ್ ಬಲ್ಬ್ ಎರಡು ಪ್ಯಾರಲಲ್ ಹಾಕಿ. ಲೋಡ್ ಇಲ್ಲದೆ ಸ್ವಿಚಿಂಗ್ ಸಪ್ಲೈ ಏಳುವುದಿಲ್ಲ.

ಬಾಗಲಕೋಟೆ:
ಸ್ಪೆಕ್ಟ್ರಮ್‌ಗೆ ಬಜಾರದ 9 ವೋಲ್ಟ್ ಅಡಾಪ್ಟರ್ ಚುಚ್ಚಬ್ಯಾಡ್ರಿ. ಅದರ ಪಿನ್ನಿನ ನಡುವ ಮೈನಸ್ ಬೇಕು, ಬಜಾರದಾಗ ಸಿಗೂದ್ರಾಗ ಹೆಚ್ಚಿನವು ನಡುವ ಪ್ಲಸ್. ಟಿವಿಗೆ ಯುಎಚ್‌ಎಫ್ ಚಾನೆಲ್ 36 ಸುತ್ತಮುತ್ತ ಅನಲಾಗ್ ಟ್ಯೂನಿಂಗ್ ಮಾಡ್ರಿ. ಅನಲಾಗ್ ಟ್ಯೂನರ್ ಇರೂ ಹಳೇ ಟಿವಿ ಹುಡುಕೂದು ಛಲೋ.

ಎಕ್ಸ್‌ಟಿದಾಗ ಒಂದು ಧೋಕಾ ಐತಿ: ಸಿಜಿಎ (ಬಣ್ಣದ ಚಿತ್ರದ) ಕಾರ್ಡಿಗೂ ಹರ್ಕ್ಯುಲಿಸ್ (ಒಂದೇ ಬಣ್ಣದ) ಕಾರ್ಡಿಗೂ ಅದೇ 9 ಪಿನ್. ಮೊನೊಕ್ರೋಮ್ ಮಾನಿಟರ್ ಒಯ್ದು ಸಿಜಿಎಗೆ ಹಾಕಿದ್ರ ಮಾನಿಟರ್ ಸುಡಬಹುದು. ಕಾರ್ಡ್ ಯಾವುದಂತ ಕೇಬಲ್‌ಗೇ ಚೀಟಿ ಕಟ್ರಿ.

ಸ್ಪೆಕ್ಟ್ರಮ್‌ಗೆ ಕ್ಯಾಸೆಟ್ ಬದಲು ಮೊಬೈಲ್‌ನಿಂದ ಆಡಿಯೊ ಕೊಟ್ಟು ಗೇಮ್ ಲೋಡ್ ಮಾಡಬಹುದು. ವಾಲ್ಯೂಮ್ ಪೂರ್ತಿ ಏರಿಸಿ, ಏರೋಪ್ಲೇನ್ ಮೋಡಿಗೆ ಹಾಕ್ರಿ, ನಡುವ ಒಂದು ಮೆಸೇಜ್ ಸಪ್ಪಳ ಬಂದ್ರೂ ಲೋಡ್ ಕೆಡತೈತಿ. ಟೇಬಲ್ ಮ್ಯಾಲೆ ಕನ್ನಡದಾಗ ಚೀಟಿ ಇಡ್ರಿ: ‘ಜೆ ಒತ್ತಿ, ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ, ಆಮೇಲೆ ಎಂಟರ್’. ಇಲ್ಲಂದ್ರ ಜೆ ಕೀ ಮ್ಯಾಲೇ ಇರೂ ಲೋಡ್ ಅನ್ನೂ ಶಬ್ದ ಹುಡುಕ್ಕೋತ ಮಂದಿ ನಿಂತಬಿಡತಾರ. ಕೀಬೋರ್ಡ್ ಮೆಂಬ್ರೇನ್ ಹಳೇದಿದ್ರ ಅದರ ಪಟ್ಟಿ ಪಟ್ಟನ ಮುರೀತೈತಿ, ಹೊಸಾದೊಂದು ಕೈಯಾಗ ಇರ್ಲಿ.

ವಿಜಯಪುರ:
ಇಲ್ಲಿಂದ ಯಾರಾದ್ರೂ ಮಾನಿಟರ್ ತರೂದಿದ್ರ ಗಾಡ್ಯಾಗ ದಪ್ಪ ಕೌದಿ ಹಾಸಿ, ಕಾಜಿನ ಮಾರಿ ಕೆಳಗ ಮಾಡಿ ಇಡ್ರಿ. ತೂಕ ಎಲ್ಲಾ ಅಲ್ಲೇ ಇರತೈತಿ, ಹಿಂದಿನ ಕುತ್ತಿಗಿ ಭಾಳ ನಾಜೂಕು. ಹಳೇ ಎಂಎಫ್‌ಎಂ (ಎಕ್ಸ್‌ಟಿ ಕಾಲದ) ಹಾರ್ಡ್‌ಡಿಸ್ಕ್ ಇದ್ರ ಹೊರಡೂಕಿಂತ ಮದ್ಲ ಹೆಡ್ ಸುರಕ್ಷಿತ ಜಾಗಕ್ಕ ಸರಸೂ ಪಾರ್ಕ್ ಪ್ರೋಗ್ರಾಮ್ ಓಡಿಸ್ರಿ, ಇಲ್ಲಂದ್ರ ಹೆಡ್ ಪ್ಲೇಟ್ ಮ್ಯಾಲೆ ಬಡೀತಾವು.

ಒಂದು ಟೇಬಲ್ ಕನ್ನಡಕ್ಕ ಮೀಸಲಿಡ್ರಿ. ಸಿ-ಡ್ಯಾಕ್ (ಸರ್ಕಾರಿ ಕಂಪ್ಯೂಟರ್ ಸಂಸ್ಥೆ) ಮಾಡಿದ, ಭಾರತೀಯ ಲಿಪಿ ಮೂಡಿಸೂ ಜಿಸ್ಟ್ ಕಾರ್ಡ್ ಸಿಕ್ಕರ ಡಾಸ್‌ನ್ಯಾಗ ಕನ್ನಡ ಮೂಡೂದು ತೋರಿಸಬಹುದು, ಸಿಗದಿದ್ರ ವಿಂಡೋಸ್ 98 ಮ್ಯಾಲೆ ‘ಬರಹ’ ತಂತ್ರಾಂಶ. ತಮ್ಮ ಹೆಸರು ತಾವೇ ಟೈಪ್ ಮಾಡೂ ಟೇಬಲ್‌ನ್ಯಾಗ ಮಂದಿ ಹೆಚ್ಚು ಹೊತ್ತು ನಿಲ್ಲತಾರ, ಅದನ್ನ ಬಾಗಲಕ್ಕ ಹತ್ತಿಸಿ ಇಡಬ್ಯಾಡ್ರಿ, ದಾರಿ ಕಟ್ಟತೈತಿ. ಬಿಬಿಸಿ ಮೈಕ್ರೊದ ಫಲಕದ ಮ್ಯಾಲೆ 1984ರ ‘ಕ್ಲಾಸ್’ ಅನ್ನೂ ಸರ್ಕಾರದ ಶಾಲಾ ಕಂಪ್ಯೂಟರ್ ಯೋಜನ್ಯಾಗ ನಮ್ಮ ಶಾಲೆಗಳಿಗೆ ಬಂದದ್ದು ಇದೇ ಅಂತ ಬರೀರಿ. ಫಲಕ ಕನ್ನಡದ ಜೋಡಿ ಮರಾಠಿಯಾಗೂ ಇರ್ಲಿ.