ಶೀಟ್ ಅಂದ್ರೆ ಹಾಯಿ ಅಲ್ಲ

ಅಣ್ಣ: ಸ್ನೇಹಿತರೊಬ್ಬರು ಈ ಪಟ್ಟಿ ಕಳಿಸಿದರು, ಚೆನ್ನಾಗಿದೆ ಅನ್ನಿಸಿತು. ಕಡಲಿನ ಪದಗಳು, ಇಂಗ್ಲಿಷ್‌ಗೆ ಎದುರಾಗಿ ಕನ್ನಡ, ಒಟ್ಟು 60 ಇವೆ. ಪುಟ್ಟಿ, ಸೋಮವಾರ ನಿನ್ನ ಹಾಯಿದೋಣಿ ತರಬೇತಿ ಶುರು ಅಲ್ವಾ? ಅಷ್ಟರೊಳಗೆ ಬಾಯಿಪಾಠ ಮಾಡಿಕೋ.

ಪುಟ್ಟಿ: ಥ್ಯಾಂಕ್ಸ್ ಅಪ್ಪ. ಪ್ರಿಂಟ್ ತೆಗೆದಿಟ್ಟುಕೊಳ್ಳುತ್ತೇನೆ.

ದೊಡ್ಡಮಾವ: ಬಹಳ ಒಳ್ಳೆ ಕೆಲಸ. ಇಂಥದ್ದು ಹತ್ತು ಜನಕ್ಕೆ ತಲುಪಬೇಕು. ನಾನಾಗಲೇ ನಾಲ್ಕು ಗುಂಪಿಗೆ ಹಾಕಿದೆ.

ನಾನು: ಪುಟ್ಟಿ, ಪ್ರಿಂಟ್ ಬೇಡ, ಸ್ವಲ್ಪ ತಡಿ. ಮಾವ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈ ಪಟ್ಟಿಯಲ್ಲಿ ತಪ್ಪುಗಳಿವೆ. ಓದುತ್ತಾ ಹೋದೆ, 14ನೇ ಸಾಲಿಗೆ ಬಂದು ನಿಂತುಬಿಟ್ಟೆ. ಶೀಟ್ ಅಂದರೆ ಹಾಯಿ ಅಂತ ಬರೆದಿದ್ದಾರೆ. ಶೀಟ್ ಅಂದರೆ ಹಾಯಿ ಅಲ್ಲ, ಹಗ್ಗ.

ದೊಡ್ಡಮಾವ: ಹಗ್ಗ ಹೇಗಾಗುತ್ತದಮ್ಮ? ಹಾಸಿಗೆ ಮೇಲೆ ಹಾಸುವ ಬಟ್ಟೆಗೂ ಶೀಟ್ ಅನ್ನುತ್ತಾರೆ. ಹಾಯಿಯೂ ಬಟ್ಟೆಯೇ. ಬರೆದವರು ಸರಿಯಾಗೇ ಬರೆದಿದ್ದಾರೆ.

ನಾನು: ಯಾರಿಗಾದರೂ ಹಾಗೇ ಅನ್ನಿಸುತ್ತದೆ ಮಾವ, ಅದಕ್ಕೇ ಈ ತಪ್ಪು ಇಷ್ಟು ಸುಲಭವಾಗಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಬಟ್ಟೆಗೆ ಅವರು ಹೇಳುವುದು ಸೇಲ್. ಆ ಬಟ್ಟೆಯನ್ನು ಕೂವೆಮರದ ಮೇಲಕ್ಕೆ ಏರಿಸುವ ಹಗ್ಗ ಹ್ಯಾಲ್ಯರ್ಡ್. ಏರಿಸಿದ ಮೇಲೆ ಹಾಯಿಯ ಕೆಳಗಿನ ಹೊರಮೂಲೆಯನ್ನು, ಇಲ್ಲವೇ ಆ ಮೂಲೆ ಕಟ್ಟಿರುವ ಅಡ್ಡಕೋಲನ್ನು, ಅಂದರೆ ಬೂಮನ್ನು, ಹಿಡಿದಿಡುವ ಹಗ್ಗವೇ ಶೀಟ್. ಎಳೆದರೆ ಹಾಯಿ ಒಳಗೆ ಬಂದು ಬಿಗಿಯಾಗುತ್ತದೆ. ಬಿಟ್ಟರೆ ಹೊರಗೆ ಹೋಗಿ ಗಾಳಿ ಸೋರಿಹೋಗುತ್ತದೆ. ಹಳೆ ಇಂಗ್ಲಿಷಿನಲ್ಲಿ ಹಾಯಿಯ ಕೆಳಮೂಲೆಗೆ ಇಂಥದ್ದೇ ಒಂದು ಹೆಸರಿತ್ತು, ಮೂಲೆಗೆ ಕಟ್ಟಿದ ಹಗ್ಗಕ್ಕೂ ಅದೇ ಅಂಟಿಕೊಂಡಿತು. ದೋಣಿಯಲ್ಲಿ ಕೂತವರ ಕೈಯಲ್ಲಿ ಸದಾ ಇರುವುದು ಎರಡೇ: ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಶೀಟ್.

ಅಣ್ಣ: ಸರಿ ಕಣೇ, ಒಂದು ಪದ ತಪ್ಪಿರಬಹುದು. ಉಳಿದ 59 ಇವೆಯಲ್ಲ. ಅಲ್ಲಿ ಹೋದಮೇಲೆ ಹೇಗೂ ಕಲಿಸುತ್ತಾರೆ. ಇಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ?

ನಾನು: ಯಾಕೆ ಅಂತ ಹೇಳುತ್ತೇನೆ ಅಣ್ಣ. ನಾನು ಕಲಿಯುವಾಗ ನನ್ನ ತಲೆಯಲ್ಲೂ ಶೀಟ್ ಅಂದರೆ ಬಟ್ಟೆ ಅಂತಲೇ ಇತ್ತು. ಮೂರನೇ ದಿನ, ಇಬ್ಬರೇ ಇದ್ದ ಸಣ್ಣ ದೋಣಿ. ಅಲ್ಲಿವರೆಗೆ ಮೆತ್ತಗಿದ್ದ ಗಾಳಿ ಒಂದೇ ಸಲಕ್ಕೆ ಜೋರಾಯಿತು. ದೋಣಿ ಒಂದು ಮಗ್ಗುಲಿಗೆ ವಾಲಿತು, ಇನ್ನೊಂದು ಮಗ್ಗುಲು ನೀರಿನಿಂದ ಮೇಲೆದ್ದಿತು. ಹಿಂದೆ ಕೂತಿದ್ದ ಹಿರಿಯರು ಶೀಟ್ ಬಿಡು, ಶೀಟ್ ಬಿಡು ಅಂತ ಕೂಗಿದರು. ಹಗ್ಗ ನನ್ನ ಕೈಯಲ್ಲೇ ಇತ್ತು, ಅದನ್ನೇ ಭದ್ರವಾಗಿ ಹಿಡಿದುಕೊಂಡು ನಾನು ಹಾಯಿಯನ್ನು ನೋಡುತ್ತಾ ಕೂತೆ, ಬಟ್ಟೆಯನ್ನು ಹೇಗೆ ಬಿಡುವುದು ಅಂತ ಯೋಚಿಸುತ್ತಾ. ಎರಡು ಸೆಕೆಂಡು ಇರಬಹುದು. ಅಷ್ಟರಲ್ಲಿ ಹಾಯಿ ನೀರಿಗೆ ಬಡಿಯಿತು, ದೋಣಿ ಮಗುಚಿತು, ನಾನು ಹಾಯಿಯ ಕೆಳಗಿದ್ದೆ. ಒದ್ದೆ ಬಟ್ಟೆ ಮುಖಕ್ಕೆ ಅಂಟಿಕೊಂಡಿದ್ದು ಇವತ್ತಿಗೂ ನೆನಪಿದೆ. ಜೀವರಕ್ಷಕ ಜಾಕೆಟ್ ಹಾಕಿದ್ದೆ, ಅವರು ಕೈ ಹಾಕಿ ಎಳೆದರು, ಏನೂ ಆಗಲಿಲ್ಲ. ಆದರೆ ಮುಷ್ಟಿ ಬಿಚ್ಚಿದ್ದರೆ ಸಾಕಿತ್ತು. ಪದ ಗೊತ್ತಿದ್ದರೆ ಕೈ ತಾನಾಗಿ ಬಿಚ್ಚುತ್ತಿತ್ತು.

ಚಿಕ್ಕಮ್ಮ: ಅಯ್ಯೋ, ಇದನ್ನು ನೀನು ಮನೆಯಲ್ಲಿ ಯಾರಿಗೂ ಹೇಳಿರಲೇ ಇಲ್ಲ!

ಪುಟ್ಟಿ: ಅತ್ತೆ, ಹಾಗಿದ್ದರೆ ಉಳಿದವನ್ನೂ ನೋಡಿ. ನಾನು ಕೆಲವನ್ನು ಆಗಲೇ ಕಲಿತುಬಿಟ್ಟೆ.

ಚಿಕ್ಕಮ್ಮ: 22ನೇದು ನನಗೂ ಅನುಮಾನ. ಸ್ಪ್ರಿಂಗ್ ಟೈಡ್ ಅನ್ನುವುದಕ್ಕೆ ವಸಂತ ಕಾಲದ ಉಬ್ಬರ ಅಂತಿದೆ. ವರ್ಷಕ್ಕೊಂದೇ ಸಲ ಬರುತ್ತದಾ?

ನಾನು: ಚಿಕ್ಕಮ್ಮ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ವಸಂತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಸ್ಪ್ರಿಂಗ್ ಅಂದರೆ ನೆಗೆಯುವುದು, ಚಿಮ್ಮುವುದು. ಪ್ರತಿ ತಿಂಗಳೂ ಎರಡು ಸಲ ಬರುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ. ಆಗ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ, ಎರಡರ ಸೆಳೆತವೂ ಕೂಡಿಕೊಳ್ಳುತ್ತದೆ. ಉಬ್ಬರ ಎಬ್ಬಿಸುವುದರಲ್ಲಿ ಸೂರ್ಯನ ಪಾಲು ಚಂದ್ರನದ್ದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಆದರೂ ಅದು ಸೇರಿದಾಗ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು. ಚಂದ್ರ ಅರ್ಧ ಇದ್ದಾಗ ಎರಡೂ ಅಡ್ಡಡ್ಡ ಎಳೆಯುತ್ತವೆ, ಆಗ ಏರಿಳಿತ ಕಡಿಮೆ, ಅದಕ್ಕೆ ನೀಪ್ ಟೈಡ್ ಅನ್ನುತ್ತಾರೆ.

ನಾನು: ಜನ ಮರೆಯುವ ಇನ್ನೊಂದು ವಿಷಯ ಇದೆ. ಹುಣ್ಣಿಮೆ ಉಬ್ಬರದಲ್ಲಿ ನೀರು ಜಾಸ್ತಿ ಏರುತ್ತದೆ ಅನ್ನುವುದಷ್ಟೇ ಅಲ್ಲ, ಜಾಸ್ತಿ ಇಳಿಯುತ್ತದೆ ಕೂಡ. ನೀರು ತುಂಬಿದ್ದಾಗ ಆಳ ಚೆನ್ನಾಗಿದೆ ಅಂತ ಒಂದು ಕಡೆ ಲಂಗರು ಹಾಕಿ ಮಲಗಿದರೆ, ಸುಮಾರು ಆರು ಗಂಟೆ ಬಿಟ್ಟು ಅದೇ ಜಾಗದಲ್ಲಿ ದೋಣಿಯ ತಳ ಮರಳಿಗೆ ತಾಗಬಹುದು. ಈ ಪಟ್ಟಿ ನಂಬಿದವರು ಈಗ ವಸಂತ ಅಲ್ಲವಲ್ಲ ಅಂತ ಲೆಕ್ಕವನ್ನೇ ಹಾಕುವುದಿಲ್ಲ. ಭರತ ಅಂದರೆ ಉಬ್ಬರ, ಕನ್ನಡದಲ್ಲಿ ಹುಣ್ಣಿಮೆಯ ಭರತ, ಅಮಾವಾಸ್ಯೆಯ ಭರತ ಅಂದರೆ ಯಾವಾಗ ಬರುತ್ತದೆ ಅನ್ನುವುದು ಹೆಸರಿನಲ್ಲೇ ಇರುತ್ತದೆ. ಅಷ್ಟು ಒಳ್ಳೆ ಮಾತು ಕೈಯಲ್ಲಿರುವಾಗ ವಸಂತವನ್ನು ಯಾಕೆ ಎಳೆದು ತರಬೇಕು?

ದೊಡ್ಡಮಾವ: ಇದನ್ನು ಒಪ್ಪಿದೆ. ಆದರೂ ನನ್ನ ಮಾತು ಕೇಳು. ಭಾಷೆ ಯಾರೊಬ್ಬರ ಸ್ವತ್ತೂ ಅಲ್ಲ. ಅಧಿಕಾರದ ಚುಕ್ಕಾಣಿ ಹಿಡಿದರು ಅಂತ ದಿನಾ ಪತ್ರಿಕೆಯಲ್ಲಿ ಬರೆಯುತ್ತಾರೆ, ಬರೆದವರೂ ಓದಿದವರೂ ನಿಜವಾದ ಚುಕ್ಕಾಣಿ ಮುಟ್ಟಿರುವುದಿಲ್ಲ. ಆದರೂ ಅರ್ಥ ಆಗುತ್ತದೆ. ಮಾತು ಬಳಸುತ್ತಾ ಬಳಸುತ್ತಾ ಬದಲಾಗುತ್ತದೆ, ಬದಲಾಗಲಿ ಬಿಡು. ಎಲ್ಲದಕ್ಕೂ ತಪ್ಪು ಸರಿ ಅಂತ ಗೆರೆ ಎಳೆದರೆ ಜನ ಆ ಪದದ ತಂಟೆಗೇ ಹೋಗುವುದಿಲ್ಲ.

ನಾನು: ಮಾವ, ದಡದ ಮೇಲೆ ನಿಮ್ಮ ಮಾತು ಪೂರ್ತಿ ಸರಿ. ಚುಕ್ಕಾಣಿ, ಲಂಗರು, ದಡ ಸೇರುವುದು, ಇವೆಲ್ಲ ನಮ್ಮ ಮಾತಿನಲ್ಲಿ ಬೆರೆತಿರುವುದು ನನಗೂ ಇಷ್ಟ. ಆದರೆ ನೀರಿನ ಮೇಲೆ ಪದ ಕೇಳಿದ ತಕ್ಷಣ ಒಬ್ಬರ ಕೈ ಓಡಬೇಕು. ಗಾಳಿಯ ಸದ್ದಿನಲ್ಲಿ ಅರ್ಧವೇ ಕೇಳಿಸುತ್ತದೆ, ತಿರುಗಿ ಕೇಳುವುದಕ್ಕೆ ಪುರುಸೊತ್ತಿಲ್ಲ. ಅಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಇರಬೇಕು.

ನಾನು: ಎಡಬಲದ ವಿಷಯವನ್ನೇ ತೆಗೆದುಕೊಳ್ಳಿ. ಹಡಗಿನ ಬಲಮಗ್ಗುಲು ಸ್ಟಾರ್‌ಬೋರ್ಡ್. ಅದು ನಕ್ಷತ್ರದ ಸ್ಟಾರ್ ಅಲ್ಲ, ಸ್ಟಿಯರ್ ಮಾಡುವ ಮಗ್ಗುಲು. ಹಿಂದೆ ದಿಕ್ಕು ತಿರುಗಿಸುವ ದೊಡ್ಡ ಹುಟ್ಟು ಬಲಗಡೆಗೇ ಇರುತ್ತಿತ್ತು. ಎಡಕ್ಕೆ ಲಾರ್‌ಬೋರ್ಡ್ ಅನ್ನುತ್ತಿದ್ದರು. ಜೋರು ಗಾಳಿಯಲ್ಲಿ ನಿಂತು ಈ ಎರಡನ್ನೂ ಕೂಗಿದ ಹಾಗೆ ಊಹಿಸಿಕೊಳ್ಳಿ, ಬಾಲ ಮಾತ್ರ ಕೇಳಿಸುತ್ತದೆ. ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬೇಡ, ಪೋರ್ಟ್ ಅಂತಲೇ ಹೇಳಬೇಕು ಅಂತ ಆಜ್ಞೆ ಮಾಡಿತು. ರಾತ್ರಿ ಗೊತ್ತಾಗಲಿ ಅಂತ ಪೋರ್ಟ್ ಕಡೆ ಕೆಂಪು ದೀಪ, ಸ್ಟಾರ್‌ಬೋರ್ಡ್ ಕಡೆ ಹಸಿರು ದೀಪ.

ಅಣ್ಣ: ಎಡ ಬಲ ಅಂದರೆ ಆಗುವುದಿಲ್ವಾ?

ನಾನು: ಯಾರ ಎಡ ಅಣ್ಣ? ದೋಣಿಯಲ್ಲಿ ಒಬ್ಬರು ಮುಂದೆ ನೋಡುತ್ತಾ ಕೂತಿರುತ್ತಾರೆ, ಇನ್ನೊಬ್ಬರು ಹಿಂದಕ್ಕೆ ತಿರುಗಿ ಹಗ್ಗ ಎಳೆಯುತ್ತಿರುತ್ತಾರೆ. ಪೋರ್ಟ್ ಅಂದರೆ ದೋಣಿಯ ಎಡ, ನೀವು ಯಾವ ಕಡೆಗೆ ತಿರುಗಿದ್ದರೂ ಅದು ಬದಲಾಗುವುದಿಲ್ಲ.

ಪುಟ್ಟಿ: ಟೈಟಾನಿಕ್‌ನಲ್ಲಿ ಸ್ಟಾರ್‌ಬೋರ್ಡ್ ಅಂತ ಕೂಗಿದರೂ ಹಡಗು ಎಡಕ್ಕೆ ತಿರುಗಿತು ಅಂತ ಓದಿದ್ದೆ ಅತ್ತೆ. ಅದು ತಪ್ಪು ಆಜ್ಞೆಯಾ?

ನಾನು: ತಪ್ಪಲ್ಲ ಪುಟ್ಟಿ, ಆ ಕಾಲದ ರೂಢಿ. ಸಣ್ಣ ದೋಣಿಯಲ್ಲಿ ಚುಕ್ಕಾಣಿಯ ಹಿಡಿಕೋಲನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಸೋಮವಾರ ನೀನೇ ನೋಡುತ್ತೀಯ, ಮೊದಲ ದಿನ ಎಲ್ಲರಿಗೂ ಇದು ಉಲ್ಟಾ ಅನ್ನಿಸುತ್ತದೆ. ಆಜ್ಞೆ ಹೇಳುತ್ತಿದ್ದದ್ದು ಕೋಲು ಯಾವ ಕಡೆ ಹೋಗಬೇಕು ಅಂತ, ಹಡಗು ಯಾವ ಕಡೆ ಅಂತ ಅಲ್ಲ. ಆಮೇಲೆ ಕೋಲು ಹೋಗಿ ಚಕ್ರ ಬಂತು, ಮಾತು ಮಾತ್ರ ಹಾಗೇ ಉಳಿಯಿತು. 1912ರ ಆ ರಾತ್ರಿ ಹಾರ್ಡ್ ಎ ಸ್ಟಾರ್‌ಬೋರ್ಡ್ ಅಂದಾಗ ಚಕ್ರ ಹಿಡಿದವರು ಸರಿಯಾಗೇ ಎಡಕ್ಕೆ ತಿರುಗಿಸಿದರು. ಆದರೆ ಬೇರೆ ಬೇರೆ ದೇಶದವರು ಬೇರೆ ಬೇರೆ ರೂಢಿ ಇಟ್ಟುಕೊಂಡರೆ ಗತಿ ಏನು? 1929ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅದನ್ನು ಬಿಡಿಸಿದರು. ಸ್ಟಾರ್‌ಬೋರ್ಡ್ ಅಂದರೆ ಹಡಗಿನ ಮೂತಿ ಬಲಕ್ಕೆ ಹೋಗಬೇಕು, ಮುಗಿಯಿತು.

ದೊಡ್ಡಮಾವ: ನೋಡು, ನೀನೇ ಹೇಳಿದೆ. ಪದಗಳು ಬದಲಾದವು!

ನಾನು: ಬದಲಾದವು ಮಾವ. ಆದರೆ ಎಲ್ಲರೂ ಕೂತು ಮಾತಾಡಿ, ಇನ್ನು ಮೇಲೆ ಹೀಗೆ ಅಂತ ಒಪ್ಪಿಕೊಂಡು ಬದಲಾಯಿಸಿದರು. ಒಬ್ಬರು ಊಹೆ ಮಾಡಿ ಬರೆದು, ಇನ್ನೊಬ್ಬರು ನೋಡದೆ ನಾಲ್ಕು ಗುಂಪಿಗೆ ಹಾಕಿ ಬದಲಾಗಿದ್ದಲ್ಲ. ಹಡಗುಗಳು ರೇಡಿಯೋದಲ್ಲಿ ಮಾತಾಡುವ ವಾಕ್ಯಗಳನ್ನೂ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಗೊತ್ತು ಮಾಡಿಟ್ಟಿದೆ. 150 ಅನ್ನುವುದನ್ನು ಒಂದು, ಐದು, ಸೊನ್ನೆ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ. ಮೇ ಅನ್ನುವ ಪದವನ್ನೂ ದೂರ ಇಟ್ಟಿದ್ದಾರೆ. ಅದು ಅನುಮತಿಯೋ, ಇರಬಹುದು ಅನ್ನುವ ಊಹೆಯೋ, ಗೊತ್ತಾಗುವುದಿಲ್ಲ ಅಂತ.

ದೊಡ್ಡಮಾವ: ನೋಡದೆ ಹಾಕಿದೆ ಅಂದೆಯಲ್ಲ. ಅದು ನನಗೇ ಹೇಳಿದ ಮಾತು.

ನಾನು: ಹೌದು ಮಾವ, ನಿಮಗೇ. ದೊಡ್ಡವರಿಗೆ ಹಾಗೆ ಹೇಳಬಾರದಿತ್ತು, ಕ್ಷಮಿಸಿ. ನೀವು ಹಾಕಿದ್ದನ್ನು ಜನ ನಂಬುತ್ತಾರೆ, ಅದಕ್ಕೇ ಅಷ್ಟು ಜೋರಾಗಿ ಹೇಳಿದೆ.

ಚಿಕ್ಕಮ್ಮ: ಇಬ್ಬರೂ ಸಾಕು ಮಾಡಿ. ಮುಂದಿನದು ಹೇಳು.

ನಾನು: 31, ವೇಗ ಗಂಟೆಗೆ ಇಷ್ಟು ನಾಟ್ ಅಂತಿದೆ. ನಾಟ್ ಅಂದರೇ ಗಂಟೆಗೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ಹಾಗಾಗಿ 10 ನಾಟ್ ಅಂದರೆ ಸಾಕು, ಗಂಟೆಗೆ ಅನ್ನುವುದು ಅದರೊಳಗೇ ಇದೆ. 41, ಎಸ್‌ಒಎಸ್ ಅಂದರೆ ಸೇವ್ ಅವರ್ ಸೋಲ್ಸ್ ಅಂತ ಬಿಡಿಸಿದ್ದಾರೆ, ಅದು ಆಮೇಲೆ ಜನ ಹೊಂದಿಸಿಕೊಂಡದ್ದು. ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ, ರೇಡಿಯೋದ ಮೋರ್ಸ್ ಸಂಕೇತದಲ್ಲಿ ಯಾರಿಗೂ ತಪ್ಪದ ಸದ್ದು ಅಂತ ಆರಿಸಿಕೊಂಡರು. 45, ಸುನಾಮಿಗೆ ಉಬ್ಬರದ ಅಲೆ ಅಂತಿದೆ. ಇದು ಬೇಡವೇ ಬೇಡ. ಸುನಾಮಿ ಜಪಾನಿ ಪದ, ಬಂದರಿನ ಅಲೆ ಅಂತ ಅರ್ಥ. ಬಹುಪಾಲು ಕಡಲತಳದ ಭೂಕಂಪದಿಂದ ಏಳುತ್ತದೆ, ಚಂದ್ರನಿಗೂ ಅದಕ್ಕೂ ಸಂಬಂಧ ಇಲ್ಲ. ಉಬ್ಬರ ಯಾವ ಹೊತ್ತಿಗೆ ಅಂತ ಪಂಚಾಂಗದಂತೆ ಬರೆದಿಡಬಹುದು, ಸುನಾಮಿಗೆ ಹಾಗೆ ಬರೆದಿಡಲು ಆಗುತ್ತದಾ?

ಪುಟ್ಟಿ: 52 ಪ್ಲಾಂಕ್ಟನ್, ಸೂಕ್ಷ್ಮಜೀವಿ ಅಂತಿದೆ. ಅದಾದರೂ ಸರಿ ಇದೆಯಲ್ಲ ಅತ್ತೆ?

ನಾನು: ಇಲ್ಲ ಪುಟ್ಟಿ. ಇದು ನಾನು ದಿನಾ ಮಾಡುವ ಕೆಲಸ, ಸ್ವಲ್ಪ ಉದ್ದ ಬರೆಯುತ್ತೇನೆ. 1887ರಲ್ಲಿ ವಿಕ್ಟರ್ ಹೆನ್ಸೆನ್ ಅನ್ನುವ ಜರ್ಮನ್ ವಿಜ್ಞಾನಿ ಈ ಪದ ಕೊಟ್ಟರು. ಗ್ರೀಕ್‌ನಲ್ಲಿ ಅದರ ಅರ್ಥ ಅಲೆಯುವಂಥದ್ದು, ಅಂದರೆ ನಮ್ಮ ಅಲೆಮಾರಿ. ಚಿಕ್ಕದು ದೊಡ್ಡದು ಅನ್ನುವ ಮಾತೇ ಅದರಲ್ಲಿಲ್ಲ. ನೀರಿನ ಹರಿವಿಗೆ ಎದುರಾಗಿ ಹೋಗಲಾಗದೆ ಅದು ಒಯ್ದ ಕಡೆ ಹೋಗುವುದೆಲ್ಲ ಪ್ಲಾಂಕ್ಟನ್. ಜೆಲ್ಲಿಫಿಶ್ ಕೂಡ ಪ್ಲಾಂಕ್ಟನ್ನೇ, ಅದರಲ್ಲಿ ಒಂದು ಜಾತಿಯ ಎಳೆಗಳು 30 ಮೀಟರಿಗೂ ಉದ್ದ ಬೆಳೆಯುತ್ತವೆ. ಅದನ್ನು ಸೂಕ್ಷ್ಮಜೀವಿ ಅನ್ನುವುದು ಹೇಗೆ?

ನಾನು: ಹಾಗಂತ ಸುಮ್ನೆ ತೇಲುತ್ತಾ ಬಿದ್ದಿರುತ್ತವೆ ಅಂದುಕೊಳ್ಳಬೇಡ. ಬಲೆ ಎಳೆದು ತಂದ ನೀರಿನ ಒಂದು ಹನಿ ಮಸೂರದ ಕೆಳಗಿಟ್ಟರೆ ಕೋಪೆಪಾಡ್ ಕಾಣುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದು, ಗಾಜಿನ ಹಾಗೆ ಮೈ, ತಲೆಯ ಎರಡೂ ಕಡೆ ಮೈಯಷ್ಟೇ ಉದ್ದದ ಮೀಸೆ. ಸ್ವಲ್ಪ ಹೊತ್ತು ಅಲುಗಾಡದೆ ನಿಂತಿರುತ್ತದೆ, ಆಮೇಲೆ ಪಟ್ ಅಂತ ನೆಗೆದು ಕಣ್ಣಿಂದ ಮಾಯ. ಇಂಥವು ಎಷ್ಟೋ ಜಾತಿ ಹಗಲು ನೂರಾರು ಮೀಟರ್ ಕೆಳಗಿಳಿದು ಕತ್ತಲಲ್ಲಿರುತ್ತವೆ, ರಾತ್ರಿ ಮೇವಿಗೆ ಮೇಲೆ ಬರುತ್ತವೆ, ಮತ್ತೆ ಬೆಳಗಾಗುವಷ್ಟರಲ್ಲಿ ಕೆಳಗೆ. ಮೇಲೆ ಕೆಳಗೆ ಹೋಗುವುದು ಅವುಗಳ ಇಷ್ಟ, ಯಾವ ದಿಕ್ಕಿಗೆ ಅನ್ನುವುದು ಮಾತ್ರ ನೀರಿನ ಇಷ್ಟ. ಸೂಕ್ಷ್ಮಜೀವಿ ಅಂದುಬಿಟ್ಟರೆ ಇದೆಲ್ಲ ಮುಚ್ಚಿಹೋಗುತ್ತದೆ, ರೋಗ ತರುವ ಕ್ರಿಮಿ ಅಂತ ಮಕ್ಕಳು ಮುಖ ಸಿಂಡರಿಸುತ್ತಾರೆ. ಅದೇ ನನ್ನ ಹೊಟ್ಟೆಯುರಿ.

ಚಿಕ್ಕಮ್ಮ: ಅಲೆಮಾರಿ ಜೀವಿ ಅಂತಲೇ ಬರೆಯಬಹುದಲ್ಲ. ಕೇಳಲಿಕ್ಕೂ ಚೆಂದ.

ನಾನು: ಬರೆಯಬಹುದು ಚಿಕ್ಕಮ್ಮ, ಪಕ್ಕದಲ್ಲಿ ಪ್ಲಾಂಕ್ಟನ್ ಅಂತಲೂ ಇರಲಿ.

ಅಣ್ಣ: ಸರಿ, ನಾನು ಕಳಿಸಿದ್ದು, ತಿದ್ದುವುದೂ ನಾನೇ. ಹೊಸದಾಗಿ ಟೈಪ್ ಮಾಡುತ್ತಿದ್ದೇನೆ. ಮಾವ, ನೀವು ಹಾಕಿದ ನಾಲ್ಕು ಗುಂಪಿಗೂ ಆಮೇಲೆ ಇದನ್ನೇ ಹಾಕಿ.

ದೊಡ್ಡಮಾವ: ಹಾಕುತ್ತೇನೆ. ಹಳೆಯದನ್ನು ನಾಲ್ಕು ಕಡೆಯೂ ಅಳಿಸಿದ್ದೇನೆ.

ಪುಟ್ಟಿ: ಶೀಟ್‌ಗೆ ಕನ್ನಡದಲ್ಲಿ ಏನು ಬರೆಯೋದು ಅತ್ತೆ? ಹಗ್ಗ ಅಂತ ಬರೆದರೆ, ಹ್ಯಾಲ್ಯರ್ಡ್ ಕೂಡ ಹಗ್ಗವೇ ಅಂದಿರಿ.

ನಾನು: ಹಾಯಿಯನ್ನು ಬಿಗಿಮಾಡುವ ಹಗ್ಗ ಅನ್ನಬಹುದು. ಆದರೆ ಬಿಡುವುದೂ ಅದರಿಂದಲೇ, ಅದು ಈ ಮಾತಿನಲ್ಲಿ ಬರುವುದಿಲ್ಲ. ಒಂದೇ ಪದ ನನಗೂ ಹೊಳೆಯುತ್ತಿಲ್ಲ.

ದೊಡ್ಡಮಾವ: ಎಳೆದರೆ ಹತೋಟಿಗೆ ಬರುತ್ತದೆ, ಸಡಿಲ ಬಿಟ್ಟರೆ ಸಡಿಲವಾಗುತ್ತದೆ, ಸದಾ ಕೈಯಲ್ಲೇ ಇರಬೇಕು ಅಂದೆ. ಕುದುರೆಗಾದರೆ ಅದಕ್ಕೆ ಲಗಾಮು ಅನ್ನುತ್ತೇವೆ. ಹಾಯಿಯ ಲಗಾಮು ಅಂದರೆ?

ನಾನು: ಮಾವ, ಎಷ್ಟು ಚೆನ್ನಾಗಿದೆ! ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಪುಟ್ಟಿ, ಲಗಾಮು ಸಡಿಲ ಬಿಡು ಅಂತ ಯಾರಾದರೂ ಕೂಗಿದರೆ ಏನು ಮಾಡುತ್ತೀಯ?

ಪುಟ್ಟಿ: ಮುಷ್ಟಿ ಬಿಚ್ಚುತ್ತೇನೆ.

ಅಣ್ಣ: 14, ಶೀಟ್: ಹಾಯಿಯ ಲಗಾಮು ಹಗ್ಗ. ಬರೆದೆ. 15 ಹೇಳು.